ಕರಣಿಕನನ್ನು ಮಾರಿದ ಪುರಸಭೆ

ಸುರುಳಿಯೊಂದನ್ನು ತೊಡೆಯ ಮೇಲೆ ಅರ್ಧ ಬಿಡಿಸಿಟ್ಟುಕೊಂಡು, ಬೆನ್ನನ್ನು ನೆಟ್ಟಗೆ ನಿಲ್ಲಿಸಿ, ಒಬ್ಬ ಕರಣಿಕ ಕುಳಿತಿದ್ದಾನೆ. ಅವನ ಕಾಲಿನ ಬಳಿ ಮಡದಿ ಪುಟ್ಟ ಆಕಾರದಲ್ಲಿ ಮಂಡಿಯೂರಿ, ತೋಳಿನಿಂದ ಆ ಕಾಲನ್ನು ಬಳಸಿಕೊಂಡಿದ್ದಾಳೆ. ಅವನ ಹೆಸರು ಸೆಖೆಮ್ಕ. ಅವಳ ಹೆಸರು ಸಿತ್‌ಮೆರಿತ್. ಈಜಿಪ್ಟಿನ ಐದನೆಯ ರಾಜವಂಶದ ಕಾಲದಲ್ಲಿ, ಎಂದರೆ ಇಂದಿಗೆ ನಾಲ್ಕು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ, ಹೆಸರರಿಯದ ಶಿಲ್ಪಿಯೊಬ್ಬ ಸುಣ್ಣಕಲ್ಲಿನಲ್ಲಿ ಕಡೆದು ಬಣ್ಣ ಬಳಿದ ವಿಗ್ರಹವಿದು. ಎತ್ತರ ಮುಕ್ಕಾಲು ಮೀಟರು. ಹಳ್ಳಿಯ ಗುಡಿಯ ಉತ್ಸವಮೂರ್ತಿಗಿಂತ ದೊಡ್ಡದೇನೂ ಅಲ್ಲ. ಸುರುಳಿಯಲ್ಲಿ ಬರೆದಿರುವುದು ರಾಜಾಜ್ಞೆಯಲ್ಲ, ಕಂದಾಯದ ಲೆಕ್ಕವೂ ಅಲ್ಲ. ತಾನು ಸತ್ತ ಮೇಲೆ ತನಗೆ ಸಲ್ಲಬೇಕಾದ ನೈವೇದ್ಯಗಳ ಪಟ್ಟಿಯನ್ನು ಕರಣಿಕ ಅಲ್ಲಿ ಜಾಗರೂಕತೆಯಿಂದ ಇರಿಸಿಕೊಂಡಿದ್ದಾನೆ.

2014ರ ಜುಲೈ 10ರಂದು ಲಂಡನ್ನಿನ ಕ್ರಿಸ್ಟೀಸ್ ಹರಾಜು ಮಂದಿರದಲ್ಲಿ ಈ ದಂಪತಿಗಳನ್ನು ಕೂಗಿ ಮಾರಲಾಯಿತು. ನಲವತ್ತರಿಂದ ಅರವತ್ತು ಲಕ್ಷ ಪೌಂಡು ಬರಬಹುದೆಂದು ಹರಾಜಿನವರ ಅಂದಾಜು. ಬೆಲೆ ಏರುತ್ತ ಏರುತ್ತ, ಹರಾಜಿನವರ ದಲ್ಲಾಳಿಯೂ ಸೇರಿ, 1 ಕೋಟಿ 57 ಲಕ್ಷ 62 ಸಾವಿರ 500 ಪೌಂಡುಗಳಿಗೆ ಬಂದು ನಿಂತಿತು. ಮಾರಿದವರು ಯಾರೋ ದಿವಾಳಿಯೆದ್ದ ಜಮೀನುದಾರರಲ್ಲ. ಇಂಗ್ಲೆಂಡಿನ ಮಧ್ಯಭಾಗದಲ್ಲಿರುವ ನಾರ್ಥಾಂಪ್ಟನ್ ಪಟ್ಟಣದ ಪುರಸಭೆ. ಮಾರಿದ ಉದ್ದೇಶ ತನ್ನದೇ ವಸ್ತುಸಂಗ್ರಹಾಲಯವನ್ನು ದೊಡ್ಡದು ಮಾಡುವುದು! ಇದ್ದ ದೇವರನ್ನು ಮಾರಿ ಗುಡಿಗೆ ಪ್ರಾಕಾರ ಕಟ್ಟಿಸಹೊರಟಂತಾಯಿತು ಎಂದು ನಕ್ಕುಬಿಡುವುದು ಸುಲಭ. ಆದರೆ ಸಂಗತಿ ಅಷ್ಟು ಸರಳವಾಗಿರಲಿಲ್ಲ.

ಚಮ್ಮಾರರ ಪಟ್ಟಣ

ನಾರ್ಥಾಂಪ್ಟನ್ ಎರಡು ಲಕ್ಷಕ್ಕೆ ಸ್ವಲ್ಪ ಮಿಕ್ಕ ಜನರುಳ್ಳ ಊರು. ನಗರವೆಂಬ ಬಿರುದನ್ನು ಒಂದಕ್ಕಿಂತ ಹೆಚ್ಚು ಸಲ ಬೇಡಿಯೂ ಪಡೆಯಲಾರದೆ ಇಂದಿಗೂ ಪಟ್ಟಣವಾಗಿಯೇ ಉಳಿದಿದೆ. ಅದರ ಕೀರ್ತಿಯೆಲ್ಲ ಪಾದರಕ್ಷೆಯ ಮೇಲೆ ನಿಂತದ್ದು. 1642ರಲ್ಲಿಯೇ ಐರ್ಲೆಂಡಿಗೆ ಹೊರಟ ಸೈನ್ಯಕ್ಕಾಗಿ ಇಲ್ಲಿನ ಚಮ್ಮಾರರು 4,000 ಜೊತೆ ಜೋಡು, 600 ಜೊತೆ ಬೂಟುಗಳನ್ನು ಹೊಲಿದುಕೊಡಲು ಒಪ್ಪಿಕೊಂಡಿದ್ದರು. ಊರಿನ ಕಾಲ್ಚೆಂಡು ತಂಡವನ್ನು ಜನ ಈಗಲೂ ಅಕ್ಕರೆಯಿಂದ 'ಚಮ್ಮಾರರು' ಎಂದೇ ಕರೆಯುತ್ತಾರೆ.

ಅಲ್ಲಿನ ವಸ್ತುಸಂಗ್ರಹಾಲಯ ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ಹುಟ್ಟಿತು. ಹನ್ನೆರಡು ಸಾವಿರಕ್ಕೂ ಮೀರಿದ ಪಾದರಕ್ಷೆಗಳು ಅದರ ವಶದಲ್ಲಿವೆ. ವಿಕ್ಟೋರಿಯಾ ರಾಣಿ 1840ರಲ್ಲಿ ಮದುವೆಯ ದಿನ ಮೆಟ್ಟಿದ ರೇಷ್ಮೆಯ ಪಾದುಕೆ ಅಲ್ಲಿದೆ. 1959ರಲ್ಲಿ, ಹಿಂದೆ ಹ್ಯಾನಿಬಾಲನು ನಡೆದ ದಾರಿಯಲ್ಲಿಯೇ ಆನೆಯೊಂದನ್ನು ಆಲ್ಪ್ಸ್ ಪರ್ವತ ದಾಟಿಸಲು ಕೆಲವು ಉತ್ಸಾಹಿಗಳು ಹೊರಟಾಗ, ಆ ಆನೆಗೆಂದು ಹೊಲಿದ ಬೂಟೂ ಅಲ್ಲಿದೆ. ಮಕ್ಕಳು ರಾಣಿಯ ಪಾದುಕೆಗಿಂತ ಆನೆಯ ಬೂಟಿನ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆಂದರೆ ಆಶ್ಚರ್ಯಪಡಬೇಕಾದುದಿಲ್ಲ.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಒಂದು ದಾಖಲೆಯ ಪಟ್ಟಿ. ಹಳೆಯ ಮನೆಗಳನ್ನು ಕೆಡವುವಾಗ ಗೋಡೆಯ ಪೊಟರೆಯಲ್ಲಿ, ಒಲೆಯ ಹೊಗೆಗೂಡಿನಲ್ಲಿ, ಜಂತೆಯ ಸಂದಿನಲ್ಲಿ ಸವೆದುಹೋದ ಒಂಟಿ ಜೋಡು ಸಿಕ್ಕುವುದುಂಟು. ಯಾರೋ ಬೇಕೆಂದೇ ಅಡಗಿಸಿಟ್ಟದ್ದು. ಮನೆಗೆ ಕೆಟ್ಟ ದೃಷ್ಟಿ ತಾಗದಿರಲೆಂಬ ನಂಬಿಕೆ ಇದಕ್ಕೆ ಕಾರಣವಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಹೊಸ ಮನೆಯ ಮುಂದೆ ಬೂದುಗುಂಬಳ ಕಟ್ಟುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂತಹ ಜೋಡುಗಳು ಎಲ್ಲಿ, ಯಾವ ಮನೆಯಲ್ಲಿ, ಯಾವ ಸ್ಥಿತಿಯಲ್ಲಿ ದೊರೆತುವೆಂಬುದನ್ನು ಬರೆದಿಡುವ ಕೆಲಸವನ್ನು ಅಲ್ಲಿನ ಪಾದರಕ್ಷೆ ವಿಭಾಗದ ಪಾಲಕಿ ಜೂನ್ ಸ್ವಾನ್ 1950ರ ದಶಕದಲ್ಲಿ ಆರಂಭಿಸಿದರು. ಈ ಪಟ್ಟಿ ಇಂದು ಎರಡು ಸಾವಿರದಷ್ಟು ನಮೂದುಗಳಿಗೆ ಬೆಳೆದಿದೆ. ಪ್ರಪಂಚದ ಯಾವ ಮೂಲೆಯಲ್ಲಿ ಹಳೆಯ ಗೋಡೆಯೊಳಗಿಂದ ಜೋಡು ಹೊರಬಿದ್ದರೂ ತಿಳಿದವರು ಮೊದಲು ಪತ್ರ ಬರೆಯುವುದು ಈ ಪಟ್ಟಣಕ್ಕೆ. ಚಿಕ್ಕ ಊರಿನ ಸಂಗ್ರಹಾಲಯವೊಂದು ತನ್ನ ಊರಿನ ಕಸುಬನ್ನು ನಿಷ್ಠೆಯಿಂದ ಹಿಡಿದು ಹೋದರೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂತಹ ಜೋಡಿನಂಗಡಿಯಂಥ ಮನೆಗೆ ಈಜಿಪ್ಟಿನ ಕರಣಿಕ ಬಂದ ಬಗೆ ಹೇಗೆ? ನಾರ್ಥಾಂಪ್ಟನ್ನಿನ ಎರಡನೆಯ ಮಾರ್ಕ್ವಿಸ್ ಪ್ರಭು 1850ರ ಸುಮಾರಿನಲ್ಲಿ ಈಜಿಪ್ಟಿಗೆ ಪ್ರವಾಸ ಹೋದವನು ಈ ವಿಗ್ರಹವನ್ನು ತಂದ. ಸುಮಾರು 1880ರಲ್ಲಿ ಅವನ ಮನೆತನದವರು ಅದನ್ನು ಊರಿನ ಸಂಗ್ರಹಾಲಯಕ್ಕೆ ಕೊಟ್ಟರು. ಅಂದಿನಿಂದ ನಾಲ್ಕೈದು ತಲೆಮಾರಿನ ಶಾಲಾಮಕ್ಕಳು ಅಕ್ಷರ ಕಲಿಯುವ ಮೊದಲೇ ಸೆಖೆಮ್ಕನ ಮುಖ ಕಂಡವರು. ಅಜ್ಜಿ ಮೊಮ್ಮಗನ ಕೈಹಿಡಿದು ತಂದು ತೋರಿಸುವ ವಸ್ತುಗಳಲ್ಲಿ ಅವನೂ ಒಬ್ಬನಾದ.

ಕಾನೂನಿನ ಒಂದು ಅಕ್ಷರ

ಇಲ್ಲಿ ಇಂಗ್ಲೆಂಡಿನ ಪೌರಾಡಳಿತದ ಒಂದು ಗುಟ್ಟನ್ನು ತಿಳಿದುಕೊಳ್ಳಬೇಕು. 1845ರಲ್ಲಿ ವಿಲಿಯಂ ಯೂಆರ್ಟ್ ಎಂಬ ಪಾರ್ಲಿಮೆಂಟಿನ ಸದಸ್ಯ ಒಂದು ಶಾಸನವನ್ನು ಮಾಡಿಸಿದ. ಹತ್ತು ಸಾವಿರ ಜನಸಂಖ್ಯೆಯುಳ್ಳ ಪಟ್ಟಣಗಳ ಪುರಸಭೆಗಳು ಪೌಂಡಿಗೆ ಅರ್ಧ ಪೆನ್ನಿಯಂತೆ ತೆರಿಗೆ ಎತ್ತಿ ವಸ್ತುಸಂಗ್ರಹಾಲಯ ನಡೆಸಬಹುದು. ಪ್ರವೇಶಕ್ಕೆ ಒಂದು ಪೆನ್ನಿಗಿಂತ ಹೆಚ್ಚು ಕೇಳಕೂಡದು. ಶತಮಾನ ಕಳೆದ ಮೇಲೆ, 1964ರ ಶಾಸನ ಪುಸ್ತಕಭಂಡಾರವನ್ನೂ ವಸ್ತುಸಂಗ್ರಹಾಲಯವನ್ನೂ ಒಂದೇ ಹೊದಿಕೆಯೊಳಗೆ ತಂದಿತಾದರೂ ಎರಡನ್ನೂ ಒಂದೇ ಸಮ ಕಾಣಲಿಲ್ಲ. ಪುಸ್ತಕಭಂಡಾರವನ್ನು ಸ್ಥಳೀಯ ಸಂಸ್ಥೆಗಳು ನಡೆಸಲೇ 'ಬೇಕು', ವಸ್ತುಸಂಗ್ರಹಾಲಯವನ್ನು ನಡೆಸ'ಬಹುದು'. ಈ 'ಬಹುದು' ಎಂಬ ಪದದ ದಾರದಲ್ಲಿಯೇ ಅಲ್ಲಿನ ಊರೂರಿನ ಸಂಗ್ರಹಾಲಯಗಳು ಇಂದಿಗೂ ತೂಗುತ್ತಿವೆ.

ವೃದ್ಧರ ಆರೈಕೆ ಬೇಕು, ಕಸ ಎತ್ತುವುದು ಬೇಕು, ಮನೆಯಿಲ್ಲದವರಿಗೆ ನೆಲೆ ಬೇಕು. ಇವಕ್ಕೆಲ್ಲ ಕಾನೂನಿನ ಬೆತ್ತವಿದೆ. ಬೊಕ್ಕಸ ಒಣಗಿದಾಗ ಪುರಪಿತೃಗಳ ಕಣ್ಣು ಬೆತ್ತವಿಲ್ಲದ ಬಾಬಿನ ಕಡೆಗೆ ಹೊರಳುವುದು ಸಹಜ. 2010ರ ನಂತರ ಲಂಡನ್ನಿನ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಅನುದಾನವನ್ನು ವರ್ಷೇ ವರ್ಷೇ ಕಡಿಮೆ ಮಾಡತೊಡಗಿತು. ನಾರ್ಥಾಂಪ್ಟನ್ನಿನ ಪುರಸಭೆಯ ಮೇಲಿದ್ದ ಜಿಲ್ಲಾ ಕೌನ್ಸಿಲಂತೂ 2018ರ ಫೆಬ್ರವರಿಯಲ್ಲಿ ಇನ್ನು ಹೊಸ ವೆಚ್ಚ ಮಾಡಲಾರೆನೆಂದು ವಿಧ್ಯುಕ್ತವಾಗಿ ಕೈಚೆಲ್ಲಿತು.

ಪುರಸಭೆಯವರ ವಾದವನ್ನು ನ್ಯಾಯವಾಗಿ ಕೇಳಬೇಕು. ಕಟ್ಟಡ ಇಕ್ಕಟ್ಟು, ಪಾದರಕ್ಷೆಗಳಲ್ಲಿ ಬಹುಭಾಗ ಬೆಳಕು ಕಾಣದೆ ಉಗ್ರಾಣದಲ್ಲಿವೆ. ವಿಸ್ತರಣೆಗೆ ಒಂದು ಕೋಟಿ ನಲವತ್ತು ಲಕ್ಷ ಪೌಂಡು ಬೇಕು. ಸೆಖೆಮ್ಕನ ಬೆಲೆ ಏರಿದ ಹಾಗೆ ಅವನ ವಿಮೆಯೂ ಕಾವಲೂ ಭಾರವಾಗಿವೆ. ಕೆಲವು ವರ್ಷಗಳಿಂದ ಅವನು ಪ್ರದರ್ಶನದಲ್ಲೇ ಇಲ್ಲ. ಎಲ್ಲಕ್ಕೂ ಮಿಗಿಲಾಗಿ, ಚಮ್ಮಾರರ ಊರಿನ ಚರಿತ್ರೆಗೂ ನೈಲ್ ನದಿಯ ಕರಣಿಕನಿಗೂ ಏನು ನಂಟು? 2012ರಲ್ಲಿ ಈ ಆಲೋಚನೆ ಹೊರಬಿದ್ದಾಗ ವಿಗ್ರಹದ ಬೆಲೆ ಇಪ್ಪತ್ತು ಲಕ್ಷ ಪೌಂಡೆಂದು ಜನ ಆಡಿಕೊಳ್ಳುತ್ತಿದ್ದರು.

ಕೊನೆಯ ಪ್ರಶ್ನೆ ಚತುರವಾದುದು; ಆದರೆ ಅದಕ್ಕೆ ಉತ್ತರವಿಲ್ಲದೆ ಇಲ್ಲ. ಒಂದು ಊರಿನ ಚರಿತ್ರೆಯೆಂದರೆ ಅದರ ಮಣ್ಣಿನಲ್ಲಿ ಅಗೆದಾಗ ಸಿಕ್ಕಿದ್ದು ಮಾತ್ರವಲ್ಲ. ಆ ಊರು ಏನನ್ನು ತನ್ನದೆಂದು ಬಗೆದು ಕಾಪಾಡಿಕೊಂಡು ಬಂದಿತೆಂಬುದೂ ಚರಿತ್ರೆಯೇ. ಸೆಖೆಮ್ಕ ಆ ಪಟ್ಟಣದಲ್ಲಿ ನೂರಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನೆಲಸಿದ್ದ. ಅಷ್ಟು ಕಾಲ ಅಲ್ಲಿ ಬಾಳಿದ ಇನ್ನೊಬ್ಬ ನಾಗರಿಕನನ್ನು ಪುರಸಭೆ ತೋರಿಸಲಾರದು. ಊರಿನವರು ಕೆಲವರು ಸಂಘ ಕಟ್ಟಿ ಹೋರಾಡಿದ್ದು ಈ ಮಾತಿಗಾಗಿಯೇ. ಈಜಿಪ್ಟಿನ ರಾಯಭಾರಿಯೂ ಮಾರಾಟವನ್ನು ಕಟುವಾಗಿ ಖಂಡಿಸಿದರು. ಆ ದನಿಯಲ್ಲಿ ಬೇರೊಂದು ವ್ಯಥೆಯಿತ್ತು. ಅಂದು ಅಷ್ಟು ಸಲೀಸಾಗಿ ನೈಲ್ ತೀರದಿಂದ ಹೊರಟುಬಂದ ವಿಗ್ರಹ ಇಂದು ಯಾರಿಗೋ ಕೋಟಿಗಟ್ಟಲೆ ಗಳಿಸಿಕೊಡುವಾಗ ಅದರ ತಾಯ್ನಾಡಿಗೆ ಒಂದು ಕಾಸೂ ಇಲ್ಲ.

ಲಾಭದ ಲೆಕ್ಕ

ವಿಗ್ರಹ ಕೊಟ್ಟ ಮನೆತನದ ಇಂದಿನ ಕುಡಿ, ಏಳನೆಯ ಮಾರ್ಕ್ವಿಸ್, ದಾನದ ಷರತ್ತುಗಳನ್ನು ಮುಂದಿಟ್ಟು ತಮ್ಮ ಹಕ್ಕನ್ನು ಸಾಧಿಸಿದರು. ರಾಜಿಯಾಯಿತು. ಹರಾಜಿನ ಕೊಡತಿ ಬಿದ್ದ ಬೆಲೆಯಲ್ಲಿ ಸುಮಾರು ಅರುವತ್ತು ಲಕ್ಷ ಪೌಂಡು ಪ್ರಭುಗಳಿಗೆ, ಎಂಬತ್ತು ಲಕ್ಷಕ್ಕೆ ಸಮೀಪದ ಮೊತ್ತ ಪುರಸಭೆಗೆ. ಪೂರ್ವಿಕರು ಊರಿಗೆ ಧಾರೆಯೆರೆದುದರಲ್ಲಿ ಹತ್ತಿರ ಹತ್ತಿರ ಅರ್ಧ ಮರಳಿ ಮನೆ ಸೇರಿತು. ಹೀಗೆ ಬಡ್ಡಿ ಸಹಿತ ಹಿಂದಿರುಗುವ ದಾನವನ್ನು ಕಂಡಿದ್ದರೆ ನಮ್ಮ ಶಾಸನ ಬರೆಯಿಸಿದ ಅರಸರು ಕೊನೆಯಲ್ಲಿ ಶಾಪದ ಶ್ಲೋಕಗಳನ್ನು ಇನ್ನೆರಡು ಹೆಚ್ಚಿಗೆ ಕೆತ್ತಿಸುತ್ತಿದ್ದರೋ ಏನೋ!

ದಂಡನೆ ಬರಲು ತಡವಾಗಲಿಲ್ಲ. ಸಂಗ್ರಹದಲ್ಲಿರುವುದನ್ನು ಹಣಕ್ಕಾಗಿ ಮಾರಬಾರದೆಂಬುದು ಅಲ್ಲಿನ ಸಂಗ್ರಹಾಲಯಗಳೆಲ್ಲ ಒಪ್ಪಿಕೊಂಡ ನೀತಿ. ತೀರ ಗತಿಗೆಟ್ಟಾಗ, ಉಳಿದ ಸಂಗ್ರಹವನ್ನು ಕಾಯುವುದಕ್ಕಾಗಿ, ಬೇರಾವ ದಾರಿಯೂ ಇಲ್ಲವೆಂದು ತೋರಿಸಿದರೆ ಮಾತ್ರ ವಿನಾಯಿತಿ. 2014ರ ಆಗಸ್ಟಿನಲ್ಲಿ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಎಂಬ ಸಂಸ್ಥೆ ಪುರಸಭೆಯ ಎರಡು ಸಂಗ್ರಹಾಲಯಗಳ ಮಾನ್ಯತೆಯನ್ನೂ ಕಿತ್ತುಕೊಂಡಿತು. 2019ರ ಆಗಸ್ಟಿನವರೆಗೆ ಮತ್ತೆ ಅರ್ಜಿ ಹಾಕಕೂಡದೆಂದು ಕಟ್ಟು ಮಾಡಿತು. ಇದು ಬರಿಯ ಮಾನದ ಪ್ರಶ್ನೆಯಲ್ಲ. ಮಾನ್ಯತೆಯಿಲ್ಲದ ಸಂಸ್ಥೆಗೆ ಹಲವು ಅನುದಾನಗಳ ಬಾಗಿಲು ಮುಚ್ಚುತ್ತದೆ. ಇತರ ಸಂಗ್ರಹಾಲಯಗಳು ತಮ್ಮ ವಸ್ತುಗಳನ್ನು ಎರವಲು ಕೊಡಲು ಅಂಜುತ್ತವೆ. ನಷ್ಟದಲ್ಲಿ ಕಣ್ಣಿಗೆ ಕಾಣದ ಭಾಗವೊಂದೂ ಉಂಟು. ಅಜ್ಜನ ಕಾಲದ ಪೆಟ್ಟಿಗೆಯನ್ನು ಹೊತ್ತು ತಂದು, 'ಇದು ಊರಿಗಿರಲಿ' ಎಂದು ಕೊಡುವ ಮನುಷ್ಯ ಇನ್ನು ಮೇಲೆ ಬಾಗಿಲಲ್ಲಿ ಒಂದು ಗಳಿಗೆ ನಿಂತು ಯೋಚಿಸುತ್ತಾನೆ.

ಇಂತಹ ಮಾರಾಟ ಮೊದಲನೆಯದೂ ಅಲ್ಲ. ಬರಿ ಎಂಬ ಪಟ್ಟಣದವರು 2006ರಲ್ಲಿ ಲೌರಿಯ ಚಿತ್ರವೊಂದನ್ನು ಮಾರಿ ಮಾನ್ಯತೆ ಕಳೆದುಕೊಂಡಿದ್ದರು. 2013ರಲ್ಲಿ ಲಂಡನ್ನಿನ ಕ್ರಾಯ್ಡನ್ ಭಾಗದವರು ಚೀನೀ ಪಿಂಗಾಣಿಗಳನ್ನು ಮಾರಿದರು. ನಾರ್ಥಾಂಪ್ಟನ್ನಿನವರಿಗೆ ಇದೊಂದೂ ತಿಳಿಯದ ಸಂಗತಿಯಾಗಿರಲಿಲ್ಲ.

ವಿಗ್ರಹ ದೇಶ ಬಿಟ್ಟು ಹೋಗದಂತೆ ಸರ್ಕಾರ 2015ರಲ್ಲಿ ತಾತ್ಕಾಲಿಕವಾಗಿ ತಡೆಯೊಡ್ಡಿತು. ಅಷ್ಟೇ ಬೆಲೆ ಕೊಟ್ಟು ಇಲ್ಲಿಯೇ ಯಾರಾದರೂ ಉಳಿಸಿಕೊಳ್ಳುವರೇ ಎಂದು ಕಾದಿತು. ಗಡುವನ್ನು 2016ರ ಮಾರ್ಚಿನವರೆಗೆ ವಿಸ್ತರಿಸಿತು. ಯಾರೂ ಮುಂದೆ ಬರಲಿಲ್ಲ, ತಡೆ ತೆರವಾಯಿತು. ಕೊಂಡವರ ಹೆಸರನ್ನು ಪ್ರಕಟಿಸಲಿಲ್ಲ.

ಇದೇ ವರ್ಷಗಳಲ್ಲಿ ಅದೇ ಪುರಸಭೆ ಇನ್ನೊಂದು ವ್ಯವಹಾರದಲ್ಲಿ ತೊಡಗಿತ್ತು. ಕಾಲ್ಚೆಂಡು ತಂಡದ ಕ್ರೀಡಾಂಗಣವನ್ನು ಬೆಳೆಸಲೆಂದು 2013 ಮತ್ತು 2014ರಲ್ಲಿ 1 ಕೋಟಿ 2 ಲಕ್ಷ 50 ಸಾವಿರ ಪೌಂಡುಗಳ ಸಾಲ ಕೊಟ್ಟಿತು. ಕ್ರೀಡಾಂಗಣದ ಒಂದು ಪಾರ್ಶ್ವ ವರ್ಷಗಟ್ಟಲೆ ಅರೆಬರೆಯಾಗಿ ನಿಂತಿತು, ಹಣ ಹಿಂತಿರುಗಲಿಲ್ಲ. 2021ರಲ್ಲಿ ಲೆಕ್ಕ ಪರಿಶೋಧಕರು ಪುರಸಭೆಯ ನಡತೆಯನ್ನು ಬಹಿರಂಗವಾಗಿಯೇ ಟೀಕಿಸಿ ವರದಿ ಬರೆದರು. ವಿಗ್ರಹದಿಂದ ಬಂದದ್ದಕ್ಕಿಂತ ಈ ಸಾಲದಲ್ಲಿ ಹೋದದ್ದೇ ಹೆಚ್ಚು! ಸಂಗ್ರಹಾಲಯಕ್ಕೆ ಹಣವಿಲ್ಲವೆಂದು ಯಾವ ಪುರಸಭೆ ಹೇಳಿದರೂ ಅದರ ಲೆಕ್ಕದ ಪುಸ್ತಕವನ್ನು ಒಂದೆರಡು ಪುಟ ಮುಂದಕ್ಕೂ ತಿರುವಿ ನೋಡುವುದು ಒಳ್ಳೆಯದು.

ಇಷ್ಟಾದರೂ ಒಂದನ್ನು ಒಪ್ಪಬೇಕು. ಹಣ ಪೋಲಾಗಲಿಲ್ಲ, ಕಟ್ಟಡ ಎದ್ದಿತು. 2017ರ ಆರಂಭದಲ್ಲಿ ಮುಚ್ಚಿದ ಸಂಗ್ರಹಾಲಯವನ್ನು 67 ಲಕ್ಷ ಪೌಂಡು ವೆಚ್ಚದಲ್ಲಿ, ಪಕ್ಕದ ಹಳೆಯ ಸೆರೆಮನೆಯ ಕಟ್ಟಡವನ್ನೂ ಕೂಡಿಸಿಕೊಂಡು, ಮೊದಲಿಗಿಂತ ಇಮ್ಮಡಿಗೂ ಹೆಚ್ಚು ವಿಶಾಲವಾಗಿ ಕಟ್ಟಿದರು. ಪಾದರಕ್ಷೆಗಳಿಗೆ ಅವುಗಳ ಘನತೆಗೆ ತಕ್ಕ ಅಂಗಳ ಒದಗಿತು. ಅದನ್ನು ನೋಡಿದವರು ಕೆಲಸ ಚೆನ್ನಾಗಿಲ್ಲವೆಂದು ಹೇಳಲಾರರು.

ಹೊಸ ಬಾಗಿಲು ತೆರೆದದ್ದು 2021ರ ಜುಲೈ ತಿಂಗಳಿನಲ್ಲಿ. ಅದಕ್ಕೆ ಮೂರೇ ತಿಂಗಳ ಹಿಂದೆ, ಏಪ್ರಿಲ್ ಒಂದರಂದು, ಜಿಲ್ಲೆಯ ಆಡಳಿತವನ್ನು ಬೇರೆ ರೀತಿಯಲ್ಲಿ ಹಂಚುವ ಏರ್ಪಾಡಿನಲ್ಲಿ ನಾರ್ಥಾಂಪ್ಟನ್ ಪುರಸಭೆಯನ್ನೇ ರದ್ದು ಮಾಡಿದ್ದರು. ಸೆಖೆಮ್ಕನನ್ನು ಮಾರಿದ ಸಭೆ ಆ ಹೊಸ ಅಂಗಳವನ್ನು ಉದ್ಘಾಟಿಸಲು ಇರಲಿಲ್ಲ. ಬೀಗದ ಕೈ ಈಗ ವೆಸ್ಟ್ ನಾರ್ಥಾಂಪ್ಟನ್‌ಷೈರ್ ಕೌನ್ಸಿಲ್ ಎಂಬ ಹೊಸ ಸಂಸ್ಥೆಯ ಸೊಂಟದಲ್ಲಿದೆ. ಆನೆಯ ಬೂಟು, ರಾಣಿಯ ಪಾದುಕೆ, ಗೋಡೆಯೊಳಗಿನ ಜೋಡುಗಳ ಪಟ್ಟಿ, ಎಲ್ಲವೂ ಅದರ ಸುಪರ್ದಿಗೆ ಬಂದಿವೆ. 1964ರ ಶಾಸನದ 'ಬಹುದು' ಎಂಬ ಪದವನ್ನು ಮಾತ್ರ ಇದುವರೆಗೆ ಯಾರೂ ತಿದ್ದಿಲ್ಲ.