ದಿವಾಳಿಯಾದವನಿಗೆ ಉಳಿಯುವುದೇನು?

ಸಾಲ ತೀರಿಸಲಾಗದೆ ಕೈ ಚೆಲ್ಲಿದವನನ್ನು ನಮ್ಮ ಕಡೆ ‘ಪಾಪರ್ ಚೀಟಿ ತಗೊಂಡ’ ಎನ್ನುತ್ತಾರೆ. ನಿಜಕ್ಕೆ ಪಾಪರ್ ಎಂದರೆ ಕೋರ್ಟ್ ಶುಲ್ಕ ಕಟ್ಟಲೂ ಶಕ್ತಿಯಿಲ್ಲದ ಬಡ ಕಕ್ಷಿದಾರ. ದಿವಾಳಿಯ ಕಾನೂನೇ ಬೇರೆ. ಆದರೂ ಮಾತು ಉಳಿದಿದೆ, ಅದರ ಜತೆಗೆ ಹೆದರಿಕೆಯೂ. ಚೀಟಿ ಬಂತೆಂದರೆ ಉಟ್ಟ ಬಟ್ಟೆಯಲ್ಲೇ ಬೀದಿಗೆ ಬೀಳಬೇಕು ಎಂದು ಬಹಳ ಜನ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ.

ಶಿಗ್ಗಾವಿ ತಾಲ್ಲೂಕಿನ ದುಂಡಸಿಯ ರೈತನೊಬ್ಬ ಸಾಲದಲ್ಲಿ ಮುಳುಗಿದ ಎಂದಿಟ್ಟುಕೊಳ್ಳಿ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿದೆ ನಿಜ. ಆದರೆ ವ್ಯಕ್ತಿಗಳ ಮಟ್ಟಿಗೆ ಅದು ಜಾರಿಯಾಗಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, ಅದೂ 2019ರ ಡಿಸೆಂಬರ್‌ನಿಂದ. ಹಾಗಾಗಿ ನಮ್ಮ ರೈತನಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಕೋರ್ಟು ದಿವಾಳಿ ಎಂದು ಸಾರಿದ ಕೂಡಲೇ ಅವನ ಆಸ್ತಿ ಕೋರ್ಟಿನ ಇಲ್ಲವೇ ರಿಸೀವರ್ ವಶಕ್ಕೆ ಹೋಗುತ್ತದೆ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಯಾವುದನ್ನು ಜಪ್ತಿ ಮಾಡಬಾರದು ಎನ್ನುತ್ತದೋ ಅದನ್ನು ದಿವಾಳಿ ಕಾಯ್ದೆಯೂ ಮುಟ್ಟುವುದಿಲ್ಲ.

ಆ ಕಲಂ ಓದಿದರೆ ಹಳ್ಳಿಯ ಮನೆಯೊಂದನ್ನು ಹೊಕ್ಕು ನೋಡಿದಂತಾಗುತ್ತದೆ. ಮನೆಯವರು ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ. ಧರ್ಮದ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಒಡವೆ, ಅಂದರೆ ತಾಳಿಯಂಥದ್ದು. ಮದುವೆಗೆ ಮಾಡಿಸಿದ ಎಲ್ಲ ಬಂಗಾರವೂ ಅಲ್ಲ. ಬಡಿಗ, ಕಮ್ಮಾರರ ಉಪಕರಣ. ರೈತನಿಗಾದರೆ ರಂಟೆ, ಕುಂಟೆ, ಕೂರಿಗೆ. ಹೊಟ್ಟೆ ಹೊರೆಯಲು ಬೇಕೆಂದು ಕೋರ್ಟಿಗೆ ತೋರಿದಷ್ಟು ಎತ್ತು ಮತ್ತು ಬಿತ್ತನೆ ಬೀಜ. ರೈತ, ಕೂಲಿಕಾರ ಅಥವಾ ಮನೆಗೆಲಸದವ ತಾನೇ ವಾಸಿಸುವ ಸ್ವಂತ ಮನೆ. ಅದೇ ಊರಿನ ಅಂಗಡಿಕಾರನ ಮನೆಗೆ ಈ ರಕ್ಷಣೆ ಇಲ್ಲ. ಲೆಕ್ಕದ ಪುಸ್ತಕಕ್ಕೂ ಜಪ್ತಿಯಿಂದ ವಿನಾಯಿತಿ ಉಂಟು, ಆದರೆ ದಿವಾಳಿ ಎದ್ದವ ಅದನ್ನು ಒಪ್ಪಿಸಲೇಬೇಕು; ಲೆಕ್ಕ ಕಾಣದೆ ಸಾಲಗಾರರಿಗೆ ಪಾಲು ಹಂಚುವುದು ಹೇಗೆ?

ಪಟ್ಟಿಯಲ್ಲಿ ಒಂದು ಹೆಸರಿಲ್ಲ: ಹೊಲ. ಎತ್ತು ಉಳಿಸಿ, ಬೀಜ ಉಳಿಸಿ, ಬಿತ್ತುವ ನೆಲವನ್ನೇ ಬಿಟ್ಟುಬಿಟ್ಟರೆ ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಹಳೆಯ ಮುಂಬಯಿ ಪ್ರಾಂತ್ಯದಲ್ಲಿ ಇದಕ್ಕೊಂದು ಉತ್ತರ ಹುಡುಕಿದ್ದರು. ಧಾರವಾಡ ಜಿಲ್ಲೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. 1997ರಲ್ಲಿ ಹಾವೇರಿ ಜಿಲ್ಲೆ ಒಡೆದು ಬಂದದ್ದು ಧಾರವಾಡದಿಂದಲೇ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ದಂಗೆ ಸುತ್ತಲೂ ಹಬ್ಬಿತು. ಅದರ ಫಲವೇ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ. ಮೊದಲು ಪುಣೆ, ಸಾತಾರಾ, ಸೋಲಾಪುರ, ಅಹ್ಮದ್‌ನಗರಕ್ಕೆ ಬಂದ ಅದು ಆಮೇಲೆ ಪ್ರಾಂತ್ಯದ ಬೇರೆ ಕಡೆಗೂ ವಿಸ್ತರಿಸಿತು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವುದು ನಿಂತಿತು. ಹೊಲ ಮನೆಯನ್ನು ಹರಾಜಿಗಿಡುವುದೂ ನಿಂತಿತು, ಆ ಸಾಲಕ್ಕೆಂದೇ ಅಡವು ಬರೆದುಕೊಟ್ಟಿರದಿದ್ದರೆ. ಈ ಕೊನೆಯ ಮಾತೇ ಸಾಹುಕಾರನಿಗೆ ಬಾಗಿಲಾಯಿತು. ಬರೀ ಕೈಸಾಲದ ಚೀಟಿಗೆ ಬೆಲೆಯಿಲ್ಲವೆಂದ ಮೇಲೆ ಅವನು ಅಡವು ಪತ್ರ ಕೇಳತೊಡಗಿದ.

ಆ ಬಾಗಿಲು ಇಂದಿಗೂ ತೆರೆದೇ ಇದೆ. ‘60ನೇ ಕಲಮಿನ ವಿನಾಯಿತಿ ನನಗೆ ಬೇಡ’ ಎಂದು ಬಾಂಡ್ ಮೇಲೆ ಬರೆಸಿಕೊಂಡರೂ 1976ರ ತಿದ್ದುಪಡಿಯಂತೆ ಅದು ನಡೆಯದು. ಆದರೆ ಅದೇ ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಅದನ್ನು ಮಾರಬಹುದು. ಹೊಲ ಮಾತ್ರ ಈ ಕಾಯ್ದೆಗೆ ಸಿಗುವುದಿಲ್ಲ. ತಾಳಿಯ ಕತೆಯೂ ಅಷ್ಟೆ: ಜಪ್ತಿಗೆ ಬಂದ ಬೇಲೀಫ ಅದನ್ನು ಮುಟ್ಟುವಂತಿಲ್ಲ, ಬಂಗಾರದ ಸಾಲಕ್ಕೆ ತಾವಾಗಿಯೇ ಒತ್ತೆ ಇಟ್ಟರೆ ನೋಟಿಸ್ ಕೊಟ್ಟು ಹರಾಜು ಹಾಕಬಹುದು.

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಮಹಿಳೆಯರು ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿದ್ದು ನೆನಪಿರಬಹುದು. ಆ ಸಾಲಗಳಿಗೆ ಸಾಮಾನ್ಯವಾಗಿ ಅಡವೇ ಇರುವುದಿಲ್ಲ. ವಸೂಲಿಗೆ ಕೋರ್ಟಿಗೆ ಹೋಗಿದ್ದರೆ 60ನೇ ಕಲಮಿನ ಪಟ್ಟಿ ಪೂರ್ತಿ ಅನ್ವಯಿಸುತ್ತಿತ್ತು. ಆದರೆ ಬಾಗಿಲಿಗೆ ಬರುತ್ತಿದ್ದವರು ಕೋರ್ಟಿನವರಲ್ಲ, ಏಜೆಂಟರು. ಮುಂದಿನ ತಿಂಗಳೇ ಬಂದ ರಾಜ್ಯದ ಸುಗ್ರೀವಾಜ್ಞೆ, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಗೊತ್ತುಪಡಿಸಿತು.