ಒಂದನೇ ತರಗತಿಯಲ್ಲೇ ಬೀಡಿಗೆ ತಡೆ

ಮಕ್ಕಳು ಬೀಡಿ, ಸಿಗರೇಟು ಕಲಿಯುವುದು ಹೈಸ್ಕೂಲಿನಲ್ಲಿ, ಬುದ್ಧಿವಾದವೂ ಆಗ ಸಾಕು ಎಂದು ನಾವು ಎಣಿಸುತ್ತೇವೆ. ಆದರೆ ಅಡಿಕೆ ಸಸಿಗೆ ನೆರಳು ಬೇಕಾದುದು ಎಳವೆಯಲ್ಲಿ. ಕಾಂಡ ಬಿಸಿಲಿಗೆ ಸುಟ್ಟ ಮೇಲಲ್ಲ.

ಅಮೆರಿಕದ ಬಾಲ್ಟಿಮೋರ್ ನಗರದ 19 ಶಾಲೆಗಳಲ್ಲಿ 1985ರಲ್ಲಿ ಡಾ. ಶೆಪರ್ಡ್ ಕೆಲ್ಲಮ್ ಮತ್ತು ಸಂಗಡಿಗರು ಒಂದು ಪ್ರಯೋಗ ಆರಂಭಿಸಿದರು. ಒಂದನೇ ತರಗತಿಯ ಕೆಲವು ಕೋಣೆಗಳಲ್ಲಿ ಮಕ್ಕಳನ್ನು ಗುಂಪು ಮಾಡಿ, ತುಂಟರನ್ನು ಎಲ್ಲ ಗುಂಪುಗಳಿಗೂ ಹಂಚಿದರು. ನಿಯಮಗಳನ್ನು ಗೋಡೆಗೆ ಅಂಟಿಸಿದರು. ಯಾರಾದರೂ ತಪ್ಪಿದರೆ ಇಡೀ ಗುಂಪಿಗೆ ಒಂದು ಗೀಟು. ನಾಲ್ಕಕ್ಕಿಂತ ಹೆಚ್ಚು ಗೀಟು ಬೀಳದ ಗುಂಪುಗಳೆಲ್ಲ ಗೆದ್ದಂತೆ. ಮೊದಲು ವಾರಕ್ಕೆ ಮೂರು ಸಲ, ಹತ್ತೇ ನಿಮಿಷ, ಸಣ್ಣ ಬಹುಮಾನ. ಬರಬರುತ್ತಾ ಆಟದ ಹೊತ್ತು ಹೆಚ್ಚಿತು, ಬಹುಮಾನದ ಬದಲು ಮೆಚ್ಚುಗೆಯೇ ಸಾಕಾಯಿತು.

ಆಟದಲ್ಲಿ ಸಿಗರೇಟಿನ ಮಾತೇ ಇರಲಿಲ್ಲ. ಆದರೂ 19–21 ವಯಸ್ಸಿಗೆ ಬಂದಾಗ ವಿಚಾರಿಸಿದರೆ, ಆಟವಾಡಿದ ಹುಡುಗರಲ್ಲಿ ಧೂಮಪಾನ, ಮಾದಕ ಚಟ, ಪುಂಡಾಟ ಕಡಿಮೆಯಿತ್ತು. ಎಲ್ಲರಿಗಿಂತ ಹೆಚ್ಚು ಪ್ರಯೋಜನ ಕಂಡದ್ದು ಒಂದನೇ ತರಗತಿಯಲ್ಲಿ ಅತಿ ಜಗಳಗಂಟರಾಗಿದ್ದವರಲ್ಲಿ. ಹುಡುಗಿಯರಲ್ಲಿ ಇಷ್ಟು ಸ್ಪಷ್ಟ ಫಲ ಕಾಣಲಿಲ್ಲ.

ತಡೆದುಕೊಳ್ಳಲು, ಸರದಿ ಕಾಯಲು ಕಲಿತ ಮಗು ಮುಂದೆ ಕೆಟ್ಟ ಸಹವಾಸಕ್ಕೆ ಬೇಗ ಬೀಳದು. ಹಾಗಾದರೆ ನಾವೇನು ಮಾಡಬಹುದು?

• ಮನೆಯಲ್ಲಿ ಮೂರ್ನಾಲ್ಕೇ ನಿಯಮಗಳಿರಲಿ; ತಂದೆ, ತಾಯಿ, ಅಜ್ಜ, ಅಜ್ಜಿ ಎಲ್ಲರೂ ಅದನ್ನೇ ಹೇಳಲಿ.
• ತಪ್ಪಿದಾಗ ಬಯ್ಯುವ ನಾವು, ಸರಿಯಾಗಿ ನಡೆದಾಗ ಹೊಗಳುವುದನ್ನೂ ಮರೆಯದಿರೋಣ.
• ತುಂಟನಿಗೆ 'ಪೋಕರಿ' ಎಂಬ ಹೆಸರಿಟ್ಟು ದೂರವಿಡುವುದು ಬೇಡ. ಒಳ್ಳೆಯ ಜೊತೆ ಸಿಗಬೇಕಾದುದು ಅವನಿಗೇ.
• ಬೀಡಿ ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸಬಾರದು. ಮಕ್ಕಳಿಗೆ ತಂಬಾಕು ಮಾರುವುದು ಕಾನೂನಿನಂತೆ ಅಪರಾಧ.

ಶಾಲೆಯ ರಕ್ಷಕರ ಸಭೆಗೆ ಹೋದಾಗ ಅಂಕಗಳನ್ನು ಮಾತ್ರವಲ್ಲ, ಮಗು ಇತರರೊಡನೆ ಹೇಗಿದೆ ಎಂದೂ ಟೀಚರಲ್ಲಿ ಕೇಳೋಣ.