ತಿಜೋರಿ ಒಡೆಯದೆ ನಡೆದ ಕಳವು

ಕಳವು ಎಂದೊಡನೆ ಒಡೆದ ಬೀಗ, ಕನ್ನ ಕೊರೆದ ಗೋಡೆ ನಿಮ್ಮ ಕಣ್ಣಮುಂದೆ ಬರಬಹುದು. 1906ರಲ್ಲಿ ಸ್ಥಾಪನೆಯಾದ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಲ್ಲಿ 2018ರ ಆಗಸ್ಟ್‌ನಲ್ಲಿ ನಡೆದ ಕಳವಿನಲ್ಲಿ ಇವೆರಡೂ ಇರಲಿಲ್ಲ. ಆಗಸ್ಟ್ 11ರಂದು ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಿಂದ ಸುಮಾರು 78 ಕೋಟಿ ರೂಪಾಯಿ, ಭಾರತದ ಎಟಿಎಂಗಳಿಂದ ಸುಮಾರು 2.5 ಕೋಟಿ ರೂಪಾಯಿ ಹೊರಬಿದ್ದವು. ಇದು ಹೇಗೆ ಸಾಧ್ಯವಾಯಿತು?

ನೀವು ಎಟಿಎಂಗೆ ಕಾರ್ಡು ತೂರಿಸಿದಾಗ ಯಂತ್ರ ತಾನೇ ನಿರ್ಧಾರ ಕೈಗೊಳ್ಳುವುದಿಲ್ಲ. 'ಈ ಕಾರ್ಡು, ಪಿನ್ ಸರಿಯೇ? ಖಾತೆಯಲ್ಲಿ ಹಣವಿದೆಯೇ?' ಎಂದು ಬ್ಯಾಂಕನ್ನು ಕೇಳುತ್ತದೆ. ಈ ಪ್ರಶ್ನೋತ್ತರಗಳನ್ನು ಸಾಗಿಸುವ ಗಣಕವೇ 'ಸ್ವಿಚ್'. ಕುತಂತ್ರಾಂಶದ ಮೂಲಕ ಕಳ್ಳರು ಇಲ್ಲಿ ಒಂದು ನಕಲಿ ಸ್ವಿಚ್ಚನ್ನು ನೆಲೆಗೊಳಿಸಿದರು. ಅವರ ಕಾರ್ಡುಗಳಿಂದ ಬಂದ ಪ್ರಶ್ನೆ ಬ್ಯಾಂಕಿನ ಲೆಕ್ಕದ ಗಣಕವನ್ನು ತಲುಪಲೇ ಇಲ್ಲ. ನಕಲಿ ಸ್ವಿಚ್ಚೇ 'ಕೊಡಿ' ಎಂದು ಉತ್ತರಿಸಿತು. ಗ್ರಾಹಕರ ಖಾತೆಗಳಲ್ಲಿ ಹಣ ಕಡಿಮೆಯಾಗಲಿಲ್ಲ, ನಷ್ಟ ಬ್ಯಾಂಕಿನದಾಯಿತು.

ಬಳಕೆಯಾದದ್ದು ನಕಲು ಮಾಡಿದ ಕಾರ್ಡುಗಳು. ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯಲ್ಲಿ ಕಾಂತೀಯ ವಸ್ತುವಿನ ಸೂಕ್ಷ್ಮ ಕಣಗಳಿವೆ. ಕಾಂತೀಕರಣದ ದಿಕ್ಕು ಎಲ್ಲೆಲ್ಲಿ ಹಿಂದುಮುಂದಾಗುತ್ತದೆ ಎಂಬುದೇ ಅಲ್ಲಿನ ಬರಹ. ಪಟ್ಟಿ ಸರಿದಂತೆ ಓದುಗ ಸಾಧನದ ಸುರುಳಿಯಲ್ಲಿ ಫ್ಯಾರಡೆ ನಿಯಮದಂತೆ ವಿದ್ಯುತ್ ಸ್ಪಂದಗಳು ಹುಟ್ಟುತ್ತವೆ. ಈ ಬರಹ ಎಂದೂ ಬದಲಾಗದು. ಆದ್ದರಿಂದ ಒಮ್ಮೆ ಓದಿದವನು ಅದನ್ನು ಬೇರೊಂದು ಪಟ್ಟಿಯ ಮೇಲೆ ಬರೆಯಬಲ್ಲ. ಚಿಪ್ ಕಾರ್ಡು ಹಾಗಲ್ಲ. ಅದರೊಳಗಿನ ಗುಪ್ತ ಕೀಲಿ ಹೊರಬರುವುದಿಲ್ಲ. ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಸಿದ್ಧವಾಗುತ್ತದೆ. ಕಾಂತಪಟ್ಟಿ ಮಾತ್ರ ಇರುವ ಕಾರ್ಡುಗಳನ್ನು 2018ರ ಅಂತ್ಯದೊಳಗೆ ಬದಲಿಸಲು ರಿಸರ್ವ್ ಬ್ಯಾಂಕ್ ಸೂಚಿಸಿದ್ದರ ಹಿಂದಿನ ತತ್ವ ಇದೇ.

ಹಾಗಾದರೆ ಚಿಪ್ ಇದ್ದರೆ ಸಾಕೇ? ಸಾಲದು. ಆಗಸ್ಟ್ 13ರಂದು ಅದೇ ಬ್ಯಾಂಕಿನಿಂದ ಸುಮಾರು 13.9 ಕೋಟಿ ರೂಪಾಯಿ ಹಾಂಗ್‌ಕಾಂಗ್‌ನ ಖಾತೆಯೊಂದಕ್ಕೆ ಹೋಯಿತು. ಅದಕ್ಕೆ ಕಾರ್ಡೇ ಬೇಕಿರಲಿಲ್ಲ. ಬ್ಯಾಂಕುಗಳ ನಡುವಿನ ಸ್ವಿಫ್ಟ್ ಸಂದೇಶ ವ್ಯವಸ್ಥೆಯಲ್ಲಿ ಸುಳ್ಳು ಆದೇಶ ಹೊರಟರೆ ಸಾಕಿತ್ತು. ಒಟ್ಟು ನಷ್ಟ ಸುಮಾರು 94 ಕೋಟಿ ರೂಪಾಯಿ.

ಎರಡೂ ಕಡೆ ಮೋಸಹೋದದ್ದು ನಂಬಿಕೆ. ಬಂದ ಉತ್ತರವನ್ನು ಬೇರೊಂದು ದಾರಿಯಿಂದ ಆ ಕ್ಷಣದಲ್ಲೇ ತಾಳೆ ನೋಡುವ ಏರ್ಪಾಡು ಅಲ್ಲಿ ಕೆಲಸ ಮಾಡಲಿಲ್ಲ. ಪ್ರಯೋಗಾಲಯದಲ್ಲಿ ಒಂದು ಉಷ್ಣತಾಮಾಪಕ ಸರಿಯೇ ಎಂದು ಅದನ್ನೇ ಮತ್ತೆ ಮತ್ತೆ ಓದಿ ತಿಳಿಯಲಾಗದು. ಇನ್ನೊಂದು ಮಾಪಕ ಬೇಕು. ಎಟಿಎಂ ಜಾಲ ಕೊಡುತ್ತಿರುವ ಹಣಕ್ಕೂ ಖಾತೆಗಳಿಂದ ಕಳೆಯುತ್ತಿರುವ ಹಣಕ್ಕೂ ತಾಳೆಯಿಲ್ಲವಾದರೆ ಕೂಡಲೇ ಎಚ್ಚರಿಸುವ ಪ್ರತ್ಯೇಕ ಗಣಕವೇ ಆ ಇನ್ನೊಂದು ಮಾಪಕ.

ಈ ನಿಯಮ ಸಣ್ಣ ಅಂಗಡಿಗೂ ಅನ್ವಯಿಸುತ್ತದೆ. ಸರಕು ಪೂರೈಸುವವರ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಇ-ಮೇಲ್ ಬಂದರೆ ಅದರಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಬೇಡಿ. ಮೊದಲೇ ನಿಮ್ಮ ಬಳಿಯಿದ್ದ ಸಂಖ್ಯೆಗೆ ಮಾಡಿ, ಆಮೇಲೆ ಹಣ ಕಳುಹಿಸಿ.